ಮೊಣಕಾಲು ತೋರಿಸಲು ಬಂದ ಓಟಗಾರ್ತಿ

ಸಾಂತಾಕ್ರೂಜ್‌ನ ಫಿಜಿಯೋಥೆರಪಿ ಕ್ಲಿನಿಕ್ಕಿನಲ್ಲಿ ನಾನು ಕೆಲಸಕ್ಕಿದ್ದಾಗ ಅವಳು ಬಂದಳು. ಘಾನಾ ದೇಶದವಳು. ಇನ್ನೂರು ಮೀಟರ್ ಓಟದಲ್ಲಿ ತನ್ನ ದೇಶದ ಪರವಾಗಿ ಎಲ್ಲೆಲ್ಲೋ ಓಡಿದ್ದಳು. ಮುಂಬೈಯಲ್ಲಿ ಮೊಣಕಾಲಿನ ಆಪರೇಷನ್ ಆಗಿತ್ತು. ಮತ್ತೆ ಓಡುವುದು ಅನುಮಾನವೆಂದು ಡಾಕ್ಟರು ಹೇಳಿದ್ದರು.

ಕಾಲು ಮಡಿಸುವಾಗ ನೋವಿಗೆ ಅವಳ ಕಣ್ಣು ತುಂಬುತ್ತಿತ್ತು. ನಾನು ಸಾಕೆಂದರೆ, ಒಂದು ಬೆರಳೆತ್ತಿ “ಏಕ್ ಬಾರ್ ಔರ್” ಎನ್ನುತ್ತಿದ್ದಳು. ಇನ್ನೊಂದು ಸಲ ಎಂದು. ಅವಳು ಕಲಿತ ಹಿಂದಿ ಅಷ್ಟೇ.

ಭಾನುವಾರ ಕುರ್ಲಾದ ಚಾಳಿನಲ್ಲಿದ್ದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಒಮ್ಮೆ ಅವ್ವನ ಪಕ್ಕ ಕುಳಿತು ತಾನೂ ರೊಟ್ಟಿ ಬಡಿದಳು. ರೊಟ್ಟಿ ಹರಿಯಿತು. ನಗುತ್ತ ಮತ್ತೆ ಹಿಟ್ಟು ಕೇಳಿ ಬೆರಳೆತ್ತಿದಳು.

ಐದನೇ ತಿಂಗಳಿಗೆ ಅವಳು ಓಡಬಹುದೆಂದು ಡಾಕ್ಟರು ಒಪ್ಪಿದರು. ಪವಾಯಿಯ ಮೈದಾನಕ್ಕೆ ಅವ್ವನೂ ಬಂದಳು. ಹುಡುಗಿ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಓಡಿದಳು. ಅಷ್ಟು ವರ್ಷ ಜನರ ಮೊಣಕಾಲು ತಿಕ್ಕಿದ್ದ ನಾನು, ಮೊಣಕಾಲು ಯಾತಕ್ಕಿದೆ ಎಂಬುದನ್ನು ಅವತ್ತು ಕಂಡೆ. ನೋಡುತ್ತ ನಿಂತು ವಾಚ್ ಒತ್ತುವುದನ್ನೇ ಮರೆತೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬಂದವಳೇ ತಬ್ಬಿಕೊಂಡಳು.

ಮರುವರ್ಷ ಯಾವುದೋ ದೇಶದ ಸ್ಟೇಡಿಯಂನಿಂದ ವಿಡಿಯೊ ಕಾಲ್ ಮಾಡಿದಳು. ಓಟ ಆಗಷ್ಟೇ ಮುಗಿದು ನಾಲ್ಕನೆಯವಳಾಗಿ ಬಂದಿದ್ದಳು. ಎದೆಯ ಮೇಲಿನ ನಂಬರನ್ನೂ ಬಿಚ್ಚದೆ ಕುಣಿಯುತ್ತಿದ್ದಳು. ನೋವಿಲ್ಲ ಎಂದು ಕಾಲು ತಟ್ಟಿ ತೋರಿಸಿದಳು.

ಅವ್ವ ಆಗಲೇ ಪೇಢೆ ತರಿಸಿ ಚಾಳಿಗೆಲ್ಲ ಹಂಚಿದಳು. ಪಕ್ಕದ ಮನೆಯ ಬಾಗಲಕೋಟೆಯವಳು, “ಯಾರ್ ಪಾಸಾದ್ರು, ಕಾಕು?” ಎಂದು ಕೇಳಿದಳು.

“ಪಾಸ್ ಅಲ್ಲವ್ವಾ,” ಎಂದಳು ಅವ್ವ. “ನಮ್ಮ ಹುಡುಗಿ ಓಡ್ಯಾಳ.”