ವಿಮಾನ ಕಟ್ಟುವ ಹುಡುಗ

ನಮ್ಮ ಕಡೆ ವಿಮಾನ ಹತ್ತಿದವರು ಯಾರೂ ವಾಪಸ್ ಬಂದಿಲ್ಲ.

ಗಾಬರಿಯಾಗಬೇಡಿ. ಕೊಳ್ಳೇಗಾಲಕ್ಕೆ ಏರೋಡ್ರೋಮ್ ಬಂದಿಲ್ಲ. (ರೈಲಿಗೇ ದಿಕ್ಕಿಲ್ಲ, ಇನ್ನು ವಿಮಾನ!) ನಾನು ಹೇಳುತ್ತಿರುವುದು ಬಿದಿರಿನ ವಿಮಾನದ ವಿಷಯ. ನಮ್ಮ ಜನ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಬಳಿದು, ಪೇಟ ಸುತ್ತಿ, ಬಿದಿರು ಬಾಳೆದಿಂಡಿನಲ್ಲಿ ಮಂಟಪ ಕಟ್ಟಿ, ಅದರೊಳಗೆ ಮಹಾರಾಜರ ಹಾಗೆ ಕೂರಿಸಿ, ವಾದ್ಯದ ಸಮೇತ ಕಳಿಸಿಕೊಡುತ್ತಾರೆ. ಆ ಮಂಟಪದ ಹೆಸರೇ ವಿಮಾನ. ಜೀವಮಾನವೆಲ್ಲ ಎತ್ತಿನಗಾಡಿಯಲ್ಲಿ ಓಡಾಡಿದವನಿಗೂ ಕೊನೆಗೊಂದು ವಿಮಾನಯೋಗ ಉಂಟು.

ಇಷ್ಟು ಗೊತ್ತಿದ್ದೂ ನನ್ನಂಥ ವಕೀಲ, ಮಾತು ಮಾರಿ ಉಣ್ಣುವವನು, ಕಾಮಗೆರೆಯ ನಮ್ಮಕ್ಕನ ಮನೆಯ ಜಗಲಿಯಲ್ಲಿ ಕೂತು, ಅಕ್ಕನ ಅತ್ತೆಯ ಮುಂದೆ ಆಡಿದ ಮಾತು ನೋಡಿ:

“ನಮ್ಮ ನಾಗರತ್ನನಿಗೆ ಒಳ್ಳೇ ಗಂಡು ನೋಡಿದ್ದೀನಿ ಅಜ್ಜಿ. ಯಳಂದೂರಿನ ಹುಡುಗ, ಬಸವರಾಜು ಅಂತ. ಬೆಂಗಳೂರಲ್ಲಿ ವಿಮಾನ ಕಟ್ಟೋ ಕೆಲಸ.”

ಅಜ್ಜಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು.

“ಥೂ! ಎಣದ ಇಮಾನ ಕಟ್ಟೋನ್ಗೆ ಮೊಮ್ಮಗ್ಳನ್ನ ಕೊಡದಾ ಲಾಯ್ರಪ್ಪ? ನಿಮ್ಮಕ್ಕನ ಮಗ್ಳು ಅಷ್ಟೊಂದು ಭಾರ ಆಗೋದ್ಲಾ?”

ಆಮೇಲೆ ಅವರಿಗೇ ಒಂದು ಅನುಮಾನ ಬಂತು. “ಅಲ್ಲಾ, ತಿಂಗ್ಳು ತಿಂಗ್ಳು ಸಂಬ್ಳ ಕೊಟ್ಟು ಕಟ್ಟುಸ್ತಾರಾ? ಬೆಂಗ್ಳೂರಲ್ಲಿ ದಿನಾ ಅಷ್ಟು ಜನ ಸಾಯ್ತಾರಾ?”

ಆಕಾಶದ ಕಡೆ ಕೈ ತೋರಿಸಿ, ಬಾಯಲ್ಲಿ ಗುಂಯ್ ಎಂದು ಸದ್ದು ಮಾಡಿ, ಎರಡು ಕೈಯನ್ನೂ ರೆಕ್ಕೆಯಂತೆ ಚಾಚಿ ವಿವರಿಸಿದೆ. (ಮುನ್ಸೀಫ್ ಕೋರ್ಟಿನಲ್ಲಿ ನಾನು ಇಷ್ಟು ಕಷ್ಟಪಟ್ಟು ವಾದ ಮಾಡಿದ್ದಿಲ್ಲ.) ಎಲ್ಲ ಕೇಳಿಸಿಕೊಂಡು ಅಜ್ಜಿ ತೀರ್ಪು ಕೊಟ್ಟರು.

“ಅದೂ ಮ್ಯಾಲಕ್ಕೇ ಓಗೋದು, ಇದೂ ಮ್ಯಾಲಕ್ಕೇ ಓಗೋದು. ಬುಡು ಅತ್ಲಾಗೆ. ಉಡುಗ ಚೆನ್ನಾಗವ್ನಾ?”

ಹುಡುಗ ಚೆನ್ನಾಗಿದ್ದ. ಬಂದು ನೋಡಿ ಹೋದ. ನಾಗರತ್ನನಿಗೂ ಒಪ್ಪಿಗೆಯಾಯಿತು. ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅದುವರೆಗೆ ಆಕಾಶದ ಕಡೆ ತಲೆ ಎತ್ತದಿದ್ದ ಹುಡುಗಿ, ಎಲ್ಲೋ ಮೇಲೆ ಗುಂಯ್ ಎಂದರೆ ಸಾಕು, ಒಲೆಯ ಮೇಲಿನ ಸಾರು ಬಿಟ್ಟು ಹಿತ್ತಲಿಗೆ ಓಡುತ್ತಾಳೆ ಎಂದು ಅಕ್ಕ ದೂರಿದಳು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಸೋಮವಾರ ವೀಳ್ಯಶಾಸ್ತ್ರ ಎಂದು ನಿಶ್ಚಯವಾಯಿತು.

ಅದರ ಹಿಂದಿನ ಶುಕ್ರವಾರ ಆ ವಿಮಾನ ಬಿತ್ತು.

ನೀವೂ ವಾರ್ತೆಯಲ್ಲಿ ಕೇಳಿರುತ್ತೀರಿ. ದೂರದ ಬೆಟ್ಟಸಾಲಿನಲ್ಲಿ ಪ್ರಯಾಣಿಕರ ವಿಮಾನವೊಂದು ಬೆಟ್ಟಕ್ಕೆ ಬಡಿದು ಚೂರಾಯಿತು. ಯಾರೂ ಉಳಿಯಲಿಲ್ಲ. ಕಾರಣ ತಿಳಿದುಬಂದಿಲ್ಲ ಎಂದು ಹೇಳಿ ವಾರ್ತೆ ಓದುವವರು ಮುಂದಿನ ಸುದ್ದಿಗೆ ಹೋದರು. ನನಗೆ ಹೋಗಲಾಗಲಿಲ್ಲ. ಯಾವುದೋ ಮನೆಯಲ್ಲಿ ಯಾರೋ ಅಡಿಗೆ ಮಾಡಿಟ್ಟುಕೊಂಡು ಕಾದಿರುತ್ತಾರೆ, ಅಲ್ಲವೇ?

ನಮ್ಮ ಭಾವ, ಅಂದರೆ ಅಕ್ಕನ ಗಂಡ ಮಹದೇವಪ್ಪನವರು, ಕೇಳಿದ್ದು ತಮಿಳು ವಾರ್ತೆ. ಕಾಮಗೆರೆಯ ಟ್ರಾನ್ಸಿಸ್ಟರುಗಳಿಗೆ ಆ ಕಡೆಯ ಸ್ಟೇಷನ್ನೇ ಚೆನ್ನಾಗಿ ಕೇಳಿಸುತ್ತದೆ. (ಹಿಂದೊಮ್ಮೆ ಕೊಯಮತ್ತೂರು ಜಿಲ್ಲೆಯಲ್ಲಿದ್ದುದನ್ನು ನಾವು ಮರೆತರೂ ನಮ್ಮ ರೇಡಿಯೋಗಳು ಮರೆತಿಲ್ಲ.) ಅದರಲ್ಲಿ ‘ಮಲೈ’ ಎಂದದ್ದು ಭಾವನ ಕಿವಿಗೆ ‘ಮಲೆ’ ಎಂದು ಬಿತ್ತು. ನಮಗೆ ಮಲೆ ಅಂದರೆ ಇನ್ಯಾವುದು? ಮಾದಪ್ಪನ ಮಲೆ! ವಿಮಾನ ಮಹದೇಶ್ವರನ ಬೆಟ್ಟಕ್ಕೇ ಬಡಿದಿದೆ ಎಂದು ಊರಿಗೆ ಊರೇ ರಸ್ತೆಗೆ ಬಂತು. ಬೆಟ್ಟದಿಂದ ಹನೂರಿನ ಮೇಲೆ ಇಳಿದು ಬಂದ ಬಸ್ಸನ್ನು ಅಡ್ಡಹಾಕಿ ಡ್ರೈವರ್ ಸಿದ್ದಪ್ಪನನ್ನು ಹಿಡಿದುಕೊಂಡರು.

“ನಾನ್ ಬರೋವಾಗ ಬೆಟ್ಟ ನೆಟ್ಟಗೇ ನಿಂತಿತ್ತು ಕಣ್ರಪ್ಪ!” ಎಂದು ಅವನು ಮಾದಪ್ಪನ ಮೇಲೆ ಆಣೆ ಮಾಡಿದ ಮೇಲೆ ಜನ ಮನೆಗೆ ಹೋದರು.

ಭಾವನ ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ. ಬೇರೆ ಯಾವ ಮಲೆಯಾದರೇನು, ಬಿದ್ದದ್ದು ವಿಮಾನ ತಾನೆ? ಆ ಬಸ್ಸಿನಲ್ಲೇ ಕೊಳ್ಳೇಗಾಲದಲ್ಲಿದ್ದ ನನಗೆ ಸುದ್ದಿ ಬಂತು. “ಸಾ, ಸೋಮಾರದ್ ವೀಳ್ಯ ನಿಲ್ಸವ್ರಂತೆ. ನೀವು ಬರ್ಬೇಕಂತೆ,” ಎಂದ ಸಿದ್ದಪ್ಪ. ಶನಿವಾರ ಸಂಜೆ ಕಾಮಗೆರೆಯಲ್ಲಿ ಇಳಿದೆ. ಅಂದು ರಜದಲ್ಲಿದ್ದ ಸಿದ್ದಪ್ಪನೂ ಜಗಲಿಯಲ್ಲಿ ಹಾಜರಿದ್ದ. ಅವನ ಮನೆ ಅಕ್ಕನ ಮನೆಯ ಪಕ್ಕದಲ್ಲೇ. ಇಷ್ಟು ವರ್ಷ ಆರೋಪಿಗಳ ಪಕ್ಕದಲ್ಲಿ ನಿಂತವನು ನಾನು. ಅಂದು ಆರೋಪಿಯ ಜಾಗದಲ್ಲೇ ಕೂತೆ.

ವಿಮಾನ ಯಾಕೆ ಬಿತ್ತು? ದಿಲ್ಲಿಗೆ ಗೊತ್ತಿಲ್ಲದ್ದು ಕಾಮಗೆರೆಗೆ ಗೊತ್ತಿತ್ತು.

“ತೂಕಡಿಸವ್ನೆ ಸಾ,” ಎಂದ ಸಿದ್ದಪ್ಪ. “ಬೆಟ್ಟದ್ ರೋಡ್ನಲ್ಲಿ ಒಂದ್ ಗಳಿಗೆ ರೆಪ್ಪೆ ಕೂಡುದ್ರೆ ಆಯ್ತು, ಪಾತಾಳ. ಅದ್ಕೇ ನಾನು ಬಾಯಲ್ಲಿ ಕಡ್ಡಿಪುಡಿ ಇಲ್ದೆ ಸ್ಟೇರಿಂಗ್ ಮುಟ್ಟಲ್ಲ.”

“ಅದ್ಕೆ ಆರನ್ ಇಲ್ವಾ?” ಅಜ್ಜಿಯ ಪ್ರಶ್ನೆ.

“ಆರನ್ ಒಡುದ್ರೆ ಸೈಡು ಕೊಡಕೆ ಬೆಟ್ಟ ಏನ್ ಎತ್ತಿನ್ ಗಾಡಿಯಾ ಅಜ್ಜಮ್ಮ?”

ಅಜ್ಜಿ ಬಿಡಲಿಲ್ಲ. “ಅಂಗಾದ್ರೆ ದೇವ್ರ ತಲೆ ಮ್ಯಾಲೆ ಆರಿರ್ಬೇಕು. ಬೆಟ್ಟದ್ ತುದೀಲಿ ದೇವ್ರು ಇಲ್ದೆ ಇರ್ತಾನಾ? ನೆತ್ತಿ ಮ್ಯಾಲೆ ಆರುದ್ರೆ ಸುಮ್ಗಿರ್ತಾನಾ?”

ಕೊನೆಗೆ ಭಾವ ಬಾಯಿ ಬಿಟ್ಟರು. “ಅದೆಲ್ಲಾ ಅಲ್ಲ ಕಣವ್ವ. ಕಟ್ಟಿದೋನು ಸರಿಯಾಗ್ ಕಟ್ಟಿಲ್ಲ, ಬಿತ್ತು. ಪಾಯ ತೋಡ್ದೆ ಮನೆ ಕಟ್ಟುದ್ರೆ ಬೀಳಲ್ವಾ, ಅಂಗೇಯ.”

ಒಂದು ವಿಚಿತ್ರ ಗಮನಿಸಿದಿರಾ? ನಿದ್ದೆಯೇ ಕಾರಣ ಎಂದವನು ಸ್ಟೇರಿಂಗ್ ಹಿಡಿದು ನಿದ್ದೆ ಮಾಡದವನು. ದೇವರ ನೆತ್ತಿಯೇ ಕಾರಣ ಎಂದ ಅಜ್ಜಿ ಅಟ್ಟ ಹತ್ತಿದವರೂ ಅಲ್ಲ. ಕಟ್ಟಿದವನದೇ ತಪ್ಪು ಎಂದ ಭಾವ ಒಂದು ಕೋಳಿಗೂಡನ್ನೂ ಸ್ವಂತ ಕೈಯಿಂದ ಕಟ್ಟಿದವರಲ್ಲ. ಪಕ್ಕದ ಬೀದಿಯಲ್ಲಿ ಯಾರಾದರೂ ಸತ್ತರೆ ನಾವು ಮೊದಲು ಕೇಳುವುದೇನು? “ಏನಾಗಿತ್ತಂತೆ?” ಸಕ್ಕರೆ ಕಾಯಿಲೆ ಎಂದರೆ, ಸಕ್ಕರೆ ಕಾಯಿಲೆ ಇಲ್ಲದವನಿಗೆ ಒಳಗೊಳಗೇ ಹಾಯೆನಿಸುತ್ತದೆ. ಸುಳ್ಳೇ? ಕಾರಣ ಹುಡುಕುವ ನೆಪದಲ್ಲಿ ನಾವೆಲ್ಲ ನಮ್ಮ ನಮ್ಮ ಜಾಮೀನು ಬರೆದುಕೊಳ್ಳುತ್ತಿರುತ್ತೇವೆ.

ಆದರೆ ಭಾವನ ಮಾತು ಅಲ್ಲಿಗೇ ನಿಲ್ಲಲಿಲ್ಲ.

“ನಾಳೆ ಇವ್ನು ಕಟ್ಟಿದ್ದು ಬಿದ್ರೆ? ಅದ್ರಲ್ಲಿ ಇರೋರ ಎಂಡ್ರು ಮಕ್ಕಳ ಕಣ್ಣೀರು ಯಾರ್ ಮನೆ ಮ್ಯಾಲೆ ಬೀಳೋದು? ನನ್ ಮಗ್ಳ ಮನೆ ಮ್ಯಾಲೆ. ಲಾಯರು, ನೀನೇ ಯೋಳಯ್ಯ.”

ನನ್ನ ಚೀಲದಲ್ಲಿ ವಾದಗಳು ಇದ್ದವು. ಒಂದನ್ನೂ ಹೊರಗೆ ತೆಗೆಯಲಿಲ್ಲ. ಮಗಳ ಬಗ್ಗೆ ಹೆದರಿದ ಅಪ್ಪನ ಎದುರು ಕಾನೂನು ಏನು ಮಾಡೀತು?

ಒಳಗೆ ಹೋದೆ. ಅಕ್ಕ ತಗ್ಗಿದ ದನಿಯಲ್ಲಿ, “ನಿನ್ನೆಯಿಂದ ಒಂದ್ ತುತ್ತೂ ಬಾಯಿಗೆ ಆಕಿಲ್ಲ ಕಣೋ ಇವ್ಳು,” ಎಂದಳು. ನಾಗರತ್ನ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಸುಲಿದ ಕಾಳು ಸಿಪ್ಪೆಯ ಗುಡ್ಡೆಗೆ ಬೀಳುತ್ತಿತ್ತು, ಸಿಪ್ಪೆ ಮೊರಕ್ಕೆ. ನನಗೆ ನಿಜಕ್ಕೂ ಸಂಕಟವಾಯಿತು.

ಮಾರನೆಯ ಬೆಳಗ್ಗೆ ನೇರ ಯಳಂದೂರಿಗೆ ಹೋದೆ. ವೀಳ್ಯಕ್ಕೆಂದು ರಜ ಹಾಕಿ ಬಂದಿದ್ದ ಹುಡುಗನನ್ನು ಬಸ್ಸಿಗೆ ಹತ್ತಿಸಿಕೊಂಡೆ. ವೀಳ್ಯಕ್ಕೆ ಮುಂಚೆ ಗಂಡು ಹೀಗೆ ಹೆಣ್ಣಿನ ಮನೆಗೆ ಹೋಗುವ ಪದ್ಧತಿ ಇಲ್ಲ. ಹೊಸ್ತಿಲು ದಾಟುವುದು ಬೇಡ, ಜಗಲಿಯ ಮೇಲೆ ಕೂತರೆ ಸಾಕು ಎಂದು ನಾನೇ ಒಂದು ಕಲಂ ಹುಡುಕಿದೆ. ದಾರಿಯುದ್ದಕ್ಕೂ ಕಕ್ಷಿದಾರನಿಗೆ ಪಾಠ ಹೇಳಿದೆ. “ಕಟ್ಟಿದವರ ತಪ್ಪು ಇರೋಕೆ ಸಾಧ್ಯವೇ ಇಲ್ಲ ಅಂತ ಹೇಳಿಬಿಡಪ್ಪ. ಮಿಕ್ಕಿದ್ದು ನನಗೆ ಬಿಡು.” ಅವನು ಕಿಟಕಿಯಾಚೆ ನೋಡುತ್ತಿದ್ದ.

ಜಗಲಿ ತುಂಬಿತ್ತು. ಅಜ್ಜಿ ಕಂಬಕ್ಕೊರಗಿ, ಸಿದ್ದಪ್ಪ ಮೆಟ್ಟಿಲ ಮೇಲೆ, ಭಾವ ಚಾಪೆಯ ಮೇಲೆ. ಬಾಗಿಲ ಹಿಂದೆ ಬಳೆ ಸದ್ದು. ಭಾವ ಸುತ್ತಿ ಬಳಸದೆ ಕೇಳಿದರು: “ಅದ್ಯಾಕಪ್ಪ ಬಿತ್ತು?”

“ಗೊತ್ತಿಲ್ಲ ಯಜಮಾನ್ರೇ,” ಎಂದ ಬಸವರಾಜು. “ಚೂರೆಲ್ಲಾ ಆಯ್ದು ತಂದು ಜೋಡ್ಸಿ ನೋಡ್ತಾರೆ. ಅಲ್ಲೀಗಂಟ ಯಾರ್ಗೂ ಗೊತ್ತಾಗಲ್ಲ.”

“ಅಂದಾಜು?”

“ಅಂದಾಜು ಬೇಕಾದಷ್ಟು ಅದೆ. ಮಂಜು ಇರ್ಬೋದು. ನಮ್ಮೂರ್ ಎದ್ರಿಗೇ ಬಿಳಿಗಿರಿ ಬೆಟ್ಟ ಅದಲ್ಲ, ಮೋಡ ಕವುಚ್ಕಂಡ ದಿನ ಬೆಟ್ಟಾನೇ ಇಲ್ವೇನೋ ಅನ್ನಿಸ್ತದೆ. ಆದ್ರೆ ಅಲ್ಲೇ ಇರ್ತದೆ. ಎತ್ತರ ತೋರ್ಸೋ ಮುಳ್ಳು ತಪ್ಪು ತೋರ್ಸಿರ್ಬೋದು. ಅದು ಗಾಳಿ ಒತ್ತಡ ನೋಡಿ ಎತ್ತರ ತೋರ್ಸೋದು. ಹವಾ ಬದಲಾದಂಗೆ ತಿರುಗ್ಸಿ ಸರಿ ಮಾಡ್ಕಬೇಕು. ಮರೆತ್ರೆ ಮುಳ್ಳಿನ ಎತ್ತರ ಒಂದು, ವಿಮಾನದ ಎತ್ತರ ಇನ್ನೊಂದು. ಇಲ್ಲಾ, ದಾರಿ ತಪ್ಪಿ ಒಂದು ಕಣಿವೆ ಅಂದ್ಕಂಡು ಇನ್ನೊಂದಕ್ಕೆ ನುಗ್ಗಿರ್ಬೋದು. ಇಂಜಿನ್ ಕೈ ಕೊಟ್ಟಿರ್ಬೋದು. ಗಾಳೀನೂ ಇರ್ಬೋದು. ಬೆಟ್ಟ ಅತ್ತಿದ ಗಾಳಿ ಆ ಕಡೆ ಕೋಡಿ ನೀರು ಬಿದ್ದಂಗೆ ಕೆಳಕ್ಕೆ ಬೀಳ್ತದೆ. ಅದ್ರ ಕೆಳಗೆ ಸಿಕ್ಕುದ್ರೆ ಎಂಥ ವಿಮಾನಾನೂ ಅದುಮ್ತದೆ.”

“ದಿಟ ಸಾ!” ಸಿದ್ದಪ್ಪ ಎದ್ದೇ ನಿಂತ. “ತಾಳಬೆಟ್ಟ ದಾಟುದ್ ಮ್ಯಾಲೆ ಒಂದೊಂದ್ ತಿರುವ್ನಲ್ಲಿ ಗಾಳಿ ಬಸ್ಸನ್ನೇ ನೂಕ್ತದೆ!” ತೂಕಡಿಕೆಯ ಕೇಸನ್ನು ಅವನು ಅಲ್ಲೇ ವಾಪಸ್ ತೆಗೆದುಕೊಂಡ.

ನನಗೆ ಖುಷಿಯಾಯಿತು. ಕೇಸು ಗೆದ್ದೆವು ಅಂದುಕೊಂಡೆ. ಆಗ ಭಾವ ಕೇಳಿದರು: “ಕಟ್ಟಿದೋರ ತಪ್ಪು?”

ಕಣ್ಣು ಮಿಟುಕಿಸಿದೆ. ಕೆಮ್ಮಿದೆ. ಹುಡುಗ ನನ್ನ ಕಡೆ ನೋಡಲೇ ಇಲ್ಲ.

“ಅದೂ ಇರ್ಬೋದು ಯಜಮಾನ್ರೇ.”

ಸಿದ್ದಪ್ಪ ಮತ್ತೆ ಮೆಟ್ಟಿಲ ಮೇಲೆ ಕೂತ. ಒಳಗಿನ ಬಳೆ ಸದ್ದು ನಿಂತಿತು. ಹೀಗೆ ತಾನಾಗಿಯೇ ಕಟಕಟೆ ಹತ್ತುವ ಕಕ್ಷಿದಾರನನ್ನು ಯಾವ ವಕೀಲ ತಾನೆ ಉಳಿಸಬಲ್ಲ? ಆದರೆ ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಆ ಹುಡುಗನ ಮೇಲೆ ನನಗೆ ತುಂಬ ಪ್ರೀತಿ ಬಂತು. ಅಷ್ಟು ಜನರಲ್ಲಿ ತನ್ನನ್ನೂ ಸೇರಿಸಿಕೊಂಡು ಕಾರಣ ಹೇಳಿದವನು ಅವನೊಬ್ಬನೇ.

“ಅಂಗಾದ್ರೆ ನಿಂಗೆ ನಿದ್ದೆ ಎಂಗಪ್ಪಾ ಬತ್ತದೆ?” ಭಾವನ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು.

“ನಿದ್ದೆ ಬತ್ತದೆ. ಊಟ ಸೇರಲ್ಲ,” ಎಂದ ಹುಡುಗ. “ಒಂದು ವಿಮಾನ ಕಟ್ಟಿ ಮುಗಿದು, ಮೊದ್ಲನೇ ಸಲ ಮ್ಯಾಲಕ್ಕೆ ಓಗೋ ದಿನ ನಮ್ ಶೆಡ್ನೋರು ಯಾರೂ ಉಣ್ಣಲ್ಲ. ಉಣ್ಬ್ಯಾಡಿ ಅಂತ ಯಾರೂ ಯೋಳಿಲ್ಲ. ಕ್ಯಾಂಟೀನಲ್ಲಿ ಅನ್ನ ಆರ್ತಾ ಇರ್ತದೆ, ನಾವು ಆಚೆ ನಿಂತು ಮ್ಯಾಲೆ ನೋಡ್ತಾ ಇರ್ತೀವಿ. ಚಕ್ರ ನೆಲ ಮುಟ್ಟುದ್ ಮ್ಯಾಲೇ ಕೈ ತೊಳ್ಯಕೆ ಓಗೋದು.”

ಅಜ್ಜಿ ಕಂಬ ಬಿಟ್ಟು ಮುಂದಕ್ಕೆ ಬಾಗಿದರು.

“ಯಾರೂ ಉಣ್ಣಲ್ವಾ?”

“ಇಲ್ಲ ಅಜ್ಜಮ್ಮ.”

“ನೀರು?”

“ನೀರು ಕುಡೀತೀವಿ.”

ಅಜ್ಜಿ ಮಗನ ಕಡೆ ತಿರುಗಿದರು. “ನೋಡ್ದಾ ಮಾದೇವ? ನಮ್ಮಲ್ಲೂ ಅಂಗೇ ಅಲ್ವಲಾ? ಇಮಾನ ಎದ್ದ ಮ್ಯಾಲೆ ಮಣ್ಣಾಗೋಗಂಟ ಒಲೆ ಅತ್ಸಲ್ಲ, ಯಾರೂ ಉಣ್ಣಲ್ಲ. ನಾವು ಸತ್ತೋದೋರು ನೆಟ್ಗೆ ಓಗಿ ಸೇರ್ಲಿ ಅಂತ ಕಾಯ್ತೀವಿ. ಇವ್ರು ಮ್ಯಾಲಕ್ಕೋದೋರು ನೆಟ್ಗೆ ವಾಪಸ್ ಬರ್ಲಿ ಅಂತ ಕಾಯ್ತಾರೆ. ಅಸ್ಕಂಡು ಕಾಯೋನು ಕೆಟ್ಟದಾಗಿ ಕಟ್ಟಾನಾ?”

ಅಜ್ಜಿ ಬಾಗಿಲ ಕಡೆ ಕೈ ತೋರಿಸಿದರು.

“ಒಳಗೆ ಒಬ್ಳು ಶುಕ್ರವಾರದಿಂದ ಉಂಡಿಲ್ಲ. ಅವ್ಳದು ಯಾವ್ ಇಮಾನ ಇಳೀಬೇಕು, ನೀನೇ ಯೋಳು.”

ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದು ಬೆವರೋ ಮತ್ತೊಂದೋ, ನಾನು ಪಾಟೀಸವಾಲು ಮಾಡಲು ಹೋಗಲಿಲ್ಲ. ಆಮೇಲೆ ಗಟ್ಟಿಯಾಗಿ, “ನಾನೇನ್ ಬ್ಯಾಡ ಅಂದಿದ್ನಾ? ಇಚಾರ ಮಾಡವ ಅಂದೆ ಅಷ್ಟೇಯ. ಇಬ್ರಿಗೂ ಎಲೆ ಆಕಮ್ಮಿ,” ಎಂದು ಅಕ್ಕನನ್ನು ಕೂಗಿದರು. (ಸಾಕ್ಷಿ ತಿರುಗಿಬೀಳುವುದನ್ನು ಎಷ್ಟೋ ನೋಡಿದ್ದೇನೆ. ಇಷ್ಟು ಸಂತೋಷವಾದದ್ದು ಇದೇ ಮೊದಲು.)

ಹುಡುಗನಿಗೆ ಜಗಲಿಯಲ್ಲಿ ಎಲೆ, ಹುಡುಗಿಗೆ ಒಳಗೆ. ಮುದ್ದೆ, ಅವರೆಕಾಳು ಸಾರು. (ಸಾರಿನಲ್ಲಿ ಒಂದೆರಡು ಸಿಪ್ಪೆ ಸಿಕ್ಕವು. ಯಾರೂ ತಕರಾರು ತೆಗೆಯಲಿಲ್ಲ.) ಭಾವ ತಾವೇ ಎರಡನೆಯ ಮುದ್ದೆ ಇಡಲು ಬಂದಾಗ ಹುಡುಗ, “ಸಾಕು ಮಾವ,” ಎಂದ. ಯಜಮಾನ್ರು ಹೋಗಿ ಮಾವ ಬಂದಿತ್ತು. ಭಾವ ಕೇಳಿಸದವರಂತೆ ಮುದ್ದೆ ಇಟ್ಟೇ ಬಿಟ್ಟರು.

ಬಾಗಿಲ ಹಿಂದಿನಿಂದ ನಾಗರತ್ನನ ದನಿ ಮೊದಲ ಬಾರಿ ಕೇಳಿತು. “ನೀವು ಯಾವಾಗ್ಲಾದ್ರೂ ವಿಮಾನ ಅತ್ತಿದ್ದೀರಾ?”

“ಅತ್ತಿದ್ದೀನಿ,” ಎಂದ ಹುಡುಗ ಎಲೆ ನೋಡಿಕೊಂಡು. “ನಿಂತಿದ್ದಾಗ.”

ಒಳಗೆ ಬಳೆಗಳೆಲ್ಲ ನಕ್ಕವು.

ಸೋಮವಾರ ವೀಳ್ಯ ಸಾಂಗವಾಗಿ ನಡೆಯಿತು. ಆ ವಿಮಾನ ಯಾಕೆ ಬಿತ್ತು ಎಂಬುದು ಇದನ್ನು ಬರೆಯುವ ಹೊತ್ತಿಗೂ ಗೊತ್ತಾಗಿಲ್ಲ. ಚೂರುಗಳನ್ನು ಆಯುತ್ತಿದ್ದಾರಂತೆ. ಗೊತ್ತಾಗಲಿ, ಇನ್ನೊಂದು ಮನೆಯಲ್ಲಿ ಮಾಡಿಟ್ಟ ಅಡಿಗೆ ತಣ್ಣಗಾಗದಿರಲಿ.

ನಾನು ಬಸ್ಸಿಗೆ ಹೊರಟಾಗ ಅಜ್ಜಿ ಪಕ್ಕಕ್ಕೆ ಕರೆದು, ಕಿವಿಯ ಹತ್ತಿರ ಬಾಯಿ ತಂದರು.

“ಲಾಯ್ರಪ್ಪ, ನನ್ ಇಮಾನಾನೂ ಆ ಉಡುಗನ ಕೈಲೇ ಕಟ್ಟುಸ್ಬುಡು. ಈ ಊರೋರು ಕಟ್ಟುದ್ರೆ ನಡುದಾರೀಲೇ ವಾಲಾಡ್ತದೆ.”

ವಿಮಾನಗಳು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ ಎಂದು ಪೇಟೆಯವರು ಪೇಪರಿಗೆ ಬರೆದು ಗೋಳಾಡುತ್ತಾರೆ. ಅಜ್ಜಿಯ ವಿಮಾನ ಎಷ್ಟು ವರ್ಷ ಲೇಟಾದರೂ ನನ್ನದೇನೂ ತಕರಾರಿಲ್ಲ.