ಒಣಗಲು ಹಾಕಿದ ದೋಣಿ

ನಮ್ಮ ಮಾವನವರಿಗೆ ದೋಣಿ ಬೇಕಾಗಿದ್ದು ಹೊಳೆ ದಾಟುವುದಕ್ಕಲ್ಲ, ಒಬ್ಬ ಅಂಬಿಗನ ಹೊಟ್ಟೆ ಉರಿಸುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಅವರ ಬಗ್ಗೆ ಒಳ್ಳೆಯದು ಹೇಳುವವರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ, ಬೇಕಾದವರು ಅವರನ್ನು ಕೇಳಿಕೊಳ್ಳಲಿ.

ಬೆಳಕವಾಡಿಗೆ ಹತ್ತಿರ, ಕಾವೇರಿ ದಡದ ಹಳ್ಳಿ ನನ್ನ ಗಂಡನ ಮನೆ. ತವರು ಎದುರು ದಡದಲ್ಲಿ. ಈಚೆ ಮಹಾರಾಜರ ಸೀಮೆ, ಆಚೆ ಮದರಾಸಿನವರದು ಎಂದು ದೊಡ್ಡವರು ಹೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಇಷ್ಟೇ: ಬಟ್ಟೆ ಒಗೆಯಲು ಹೊಳೆಗೆ ಇಳಿದರೆ ಆಚೆ ನನ್ನ ತವರೂರ ಅರಳಿಮರದ ತುದಿ ಕಾಣುತ್ತಿತ್ತು, ಅಲ್ಲಿ ನಮ್ಮವ್ವ ಇದ್ದಳು.

ದಾಟಿಸಲು ಅಂಬಿಗನ ಹರಿಗೋಲು ಇತ್ತು, ಬುಟ್ಟಿಗೆ ಚರ್ಮ ಹೊದಿಸಿದ್ದು. ಒಮ್ಮೆ ಹೊಳೆ ತುಂಬಿ ಬಂದಿದ್ದಾಗ ಮಾವ ಹರಿಗೋಲಿನ ನಡುವೆ ಎದ್ದು ನಿಂತು, ಕೈ ಬೀಸಿ ಬೀಸಿ ದಡದವರ ಜೊತೆ ಮಾತಾಡುತ್ತಿದ್ದರಂತೆ. ಅಂಬಿಗ ಎಲ್ಲರ ಮುಂದೆ, "ಕುಂತ್ಕಳಿ ಗೌಡ್ರೇ, ನಿಮ್ ಜೊತೇಲಿ ಇವ್ರೂ ಸಾಯ್ಬೇಕಾ?" ಎಂದನಂತೆ. ಅಷ್ಟೇ ನಡೆದದ್ದು. ಅಂದಿನಿಂದ ನಮ್ಮ ಮನೆಯವರು ಯಾರೂ ಆ ಹರಿಗೋಲಿಗೆ ಕಾಲಿಡಬಾರದು ಎಂದು ಕಟ್ಟಪ್ಪಣೆಯಾಯಿತು. ಶಿವನಸಮುದ್ರದ ಸೇತುವೆ ಸುತ್ತಿಕೊಂಡು ಗಾಡಿಯಲ್ಲಿ ಹೋಗಬಹುದಿತ್ತು. ಆದರೆ ಗಾಡಿ ಅವರದು, ಎತ್ತು ಅವರವು, ಸೊಸೆಯ ತವರಿಗೆ ಎತ್ತು ಸವೆಸುವ ಮನಸ್ಸು ಅವರದಲ್ಲ.

ಯುದ್ಧದ ಕಾಲ. ಶಿವನಸಮುದ್ರದ ಬ್ಲಫ್‌ನಲ್ಲಿ ಕರೆಂಟು ತಯಾರಿಸುವ ಕಡೆ ಇದ್ದ ಒಬ್ಬ ಬಿಳಿ ದೊರೆ ಮೀನು ಹಿಡಿಯಲೆಂದು ಹಲಗೆ ದೋಣಿಯೊಂದನ್ನು ಇಟ್ಟುಕೊಂಡಿದ್ದ. ಅವನು ತನ್ನ ಸೀಮೆಗೆ ಹೊರಟುಹೋದ ಮೇಲೆ ಅದು ಬಂಗಲೆಯ ಹಿಂದೆ ಮಳೆಬಿಸಿಲಿಗೆ ಬಿದ್ದಿತ್ತು. ಬಂಗಲೆಗೆ ಹಾಲು ಕೊಡುತ್ತಿದ್ದ ಮಾವ ಅದನ್ನು ಕೇಳಿ ತೆಗೆದುಕೊಂಡರು. ಎರಡು ಗಾಡಿ ಜೋಡಿಸಿ ಹೇರಿಕೊಂಡು ಬಂದರು, ಹುಲಿ ಹೊಡೆದು ತಂದವರ ಹಾಗೆ. ದೋಣಿಯ ಮುಂದಿನ ತುದಿ ಚೂಪು, ಹಿಂದಿನದು ಕೊಯ್ದ ಹಾಗೆ ಚಪ್ಪಟೆ. ಆ ಹಿಂಬದಿಯ ಹಲಗೆಯೇ ಕೊಳೆತುಹೋಗಿತ್ತು. ನನ್ನ ಗಂಡ ಹೆಬ್ಬೆರಳಿಟ್ಟು ಒತ್ತಿದರೆ ಬೆರಳು ರಾಗಿಮುದ್ದೆಗೆ ಹೋದ ಹಾಗೆ ಒಳಗೆ ಹೋಯಿತು.

ಅದೇ ವಾರ ಅಂಬಿಗನ ಹೆಂಡತಿ ಹೊಳೆಯ ಹತ್ತಿರ ನನ್ನನ್ನು ಕರೆದು, ನಮ್ಮವ್ವ ಹಾಸಿಗೆ ಹಿಡಿದಿದ್ದಾಳೆ, ಗಂಜಿಯೂ ಸೇರುತ್ತಿಲ್ಲ ಎಂದಳು. ನಾನು ಒದ್ದೆ ಸೀರೆಯಲ್ಲೇ ಬಂದು ಮಾವನ ಮುಂದೆ ನಿಂತೆ. ಅವರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ದೋಣಿ ತೇಲಿದ್ ದಿನ ಓಗವ್ವ, ರಾಣಿ ಓದಂಗೆ ಓಗು. ಅದ್ಕೂ ಮುಂಚೆ ಓಯ್ತೀನಿ ಅಂದ್ರೆ ಓಗು, ನಾನೇನು ಇಡ್ಕಂಡಿಲ್ಲ. ನನ್ ಮೊಮ್ಮಗನ್ನ ಇಲ್ಲೇ ಬುಟ್ಟು ಓಗು. ಆಮ್ಯಾಕೆ ಈ ಒಸ್ಲು ತುಳೀಬ್ಯಾಡ."

ಮಗು ಇನ್ನೂ ಮೊಲೆಹಾಲು ಕುಡಿಯುತ್ತಿತ್ತು. ಅದು ಗೊತ್ತಿದ್ದೇ ಅವರು ಹಾಗೆಂದದ್ದು.

ಹೀಗೆ ನನ್ನ ಹೆತ್ತವ್ವನ ಮುಖ ಆ ಕೊಳೆತ ಹಲಗೆಗೆ ಗಂಟು ಬಿತ್ತು. ನನ್ನ ಗಂಡ ಮಳವಳ್ಳಿಯಿಂದ ಗಾಡಿ ಮಾಡುವ ಸಾಬರೊಬ್ಬರನ್ನು ಕರೆತಂದರು. ಅವರಿಗೂ ದೋಣಿ ಹೊಸದು, ಆದರೂ ಮರ ಮರವೇ ತಾನೇ ಎಂದು ಉಳಿ ಹಿಡಿದರು. ಕೊಳೆತದ್ದನ್ನು ಕೆತ್ತುತ್ತಾ ಹೋದಂತೆ ಪಕ್ಕದ ಹಲಗೆಗಳ ತುದಿಯೂ ಪುಡಿಪುಡಿ. ಎಲ್ಲವನ್ನೂ ಗಟ್ಟಿ ಮರ ಸಿಗುವವರೆಗೆ ಕೊಯ್ದರು. ಹೊಸ ಹಿಂಬದಿಗೆ ಮಾವ ತಮ್ಮ ಕೋಣೆಯ ಬಾಗಿಲಿಗೆಂದು ಇಟ್ಟಿದ್ದ ಹೊನ್ನೆ ಹಲಗೆ ಕೊಟ್ಟರು. ಕೊಟ್ಟದ್ದನ್ನು ದಿನಕ್ಕೆ ಹತ್ತು ಸಲ ಹೇಳಿಕೊಂಡರು. ಕೂಡಿಸಿದ್ದನ್ನು ಓರೆ ಎಂದು ಬಿಚ್ಚಿಸಿದರು, ಮತ್ತೆ ಕೂಡಿಸಿದ್ದನ್ನು ಮತ್ತೆ ಬಿಚ್ಚಿಸಿದರು. ನೋಡಲು ಬಂದವರ ಎದುರಿಗೆ ಮಗನನ್ನು ತೋರಿಸಿ, ಇವನು ಹೆಣ್ಣಾಗಿ ಹುಟ್ಟಿದ್ದರೆ ಒಂದು ಮದುವೆಯ ಖರ್ಚಿನಲ್ಲಿ ತೊಲಗುತ್ತಿದ್ದ ಎನ್ನುತ್ತಿದ್ದರು. ನನ್ನ ಗಂಡ ತಲೆ ಎತ್ತುತ್ತಿರಲಿಲ್ಲ. ನನಗೆ ಅವರ ಮೇಲೆ ಕನಿಕರ ಬರುತ್ತಿತ್ತು, ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ನಾನು ರಾಳವನ್ನು ಎಣ್ಣೆಯಲ್ಲಿ ಕುದಿಸಿ ಹತ್ತಿಯ ನೂಲಿಗೆ ಹಿಡಿಸಿ ಕೊಟ್ಟೆ. ಸಾಬರೂ ನನ್ನ ಗಂಡನೂ ಅದನ್ನು ಹಲಗೆಗಳ ಸಂದಿಗೆ ಬಡಿದು ತುಂಬಿದರು. ಕೈಯಲ್ಲಿ ಬೊಬ್ಬೆ ಬಂದರೂ ನಾನು ಬೇಗ ಬೇಗ ಎನ್ನುತ್ತಿದ್ದೆ.

ಕೆಲಸ ಮುಗಿಯಿತು. ಅಂದೇ ನೀರಿಗೆ ಇಳಿಸಿದ್ದರೆ ಏನಾಗುತ್ತಿತ್ತೋ. ಮಾವ ಒಳ್ಳೆಯ ದಿನ ಬರಲಿ ಎಂದರು. ಅಲ್ಲಿಯವರೆಗೆ ದೋಣಿಯನ್ನು ಎರಡು ಮರದ ದಿಮ್ಮಿಗಳ ಮೇಲೆ ಬೋರಲು ಹಾಕಿಸಿ ಬಿಸಿಲಿಗೆ ಒಣಗಿಸಿದರು. ಇದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಕಡೆ ಹರಿಗೋಲನ್ನು ನೀರಲ್ಲಿ ಬಿಡುವುದಿಲ್ಲ. ಕೆಲಸ ಮುಗಿದೊಡನೆ ತಲೆಯ ಮೇಲೆ ಹೊತ್ತು ತಂದು ಬೋರಲು ಹಾಕಿ ಒಣಗಿಸುತ್ತಾರೆ, ಇಲ್ಲವಾದರೆ ಅದರ ಚರ್ಮ ಕೊಳೆಯುತ್ತದೆ. ಹುಟ್ಟಿದಾಗಿನಿಂದ ಕಂಡದ್ದು ಅದು. ಅಂಬಿಗ ತನ್ನ ಹರಿಗೋಲನ್ನು ಒಂದು ಹೊತ್ತು ಒಣಗಿಸಿದರೆ ಇವರು ಇದನ್ನು ದಿನವಿಡೀ ಒಣಗಿಸಿದರು. ಇಬ್ಬನಿ ಬಿದ್ದರೆ ಪಂಚೆಯಿಂದ ಒರೆಸಿದರು. ದೋಣಿಗೆ ಅಷ್ಟು ಆರೈಕೆ. ಅತ್ತ ನಮ್ಮವ್ವ ನನ್ನ ಹೆಸರು ಕನವರಿಸುತ್ತಿದ್ದಾಳೆ ಎಂದು ಅಂಬಿಗನ ಹೆಂಡತಿ ಹೇಳಿ ಕಳಿಸಿದಳು. ನಾನು ಮತ್ತೆ ಹೋಗಿ ಕಾಲು ಹಿಡಿದೆ. ಒಳ್ಳೆಯ ದಿನ ಹತ್ತಿರದಲ್ಲೇ ಇದೆ ಎಂದು ಕಾಲು ಎಳೆದುಕೊಂಡರು.

ಆ ದಿನವೂ ಬಂತು. ಕಾಯಿ ಒಡೆದರು. ಊರ ಯಜಮಾನರಿಬ್ಬರನ್ನು ಕೂರಿಸಿಕೊಂಡು ಮಾವ ಹೊಸ ರುಮಾಲು ಸುತ್ತಿ ಕೂತರು. ನಾನು ಮಗುವನ್ನು ಎತ್ತಿಕೊಂಡು, ಸೀರೆಯ ಗಂಟು ಹಿಡಿದು, ಎರಡನೆಯ ಸಲಕ್ಕೆ ಎಂದು ದಡದಲ್ಲಿ ನಿಂತಿದ್ದೆ. ನನ್ನ ಗಂಡ ನೂಕಿದ ದೋಣಿ ಸೊಂಟದಷ್ಟು ನೀರಿಗೆ ಹೋಗುವಷ್ಟರಲ್ಲಿ ತಳದ ಎಲ್ಲ ಸಂದಿಯಿಂದಲೂ ನೀರು ಎದ್ದಿತು. ಹೊಸ ಹಿಂಬದಿ ಅಲ್ಲಾಡಲಿಲ್ಲ, ಅದನ್ನು ಬಿಟ್ಟು ಮಿಕ್ಕ ಕಡೆಯೆಲ್ಲ ಜರಡಿ. ಮೂವರೂ ರುಮಾಲು ಸಮೇತ ನೀರಿಗೆ. ಅಂಬಿಗ ಅಲ್ಲೇ ತನ್ನ ಹರಿಗೋಲಿನ ಪಕ್ಕ ನಿಂತಿದ್ದ. ಅವನು ನಗಲಿಲ್ಲ. ನಕ್ಕಿದ್ದರೆ ಮಾವ ತಡೆದುಕೊಳ್ಳುತ್ತಿದ್ದರೇನೋ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವರು ದಡಕ್ಕೆ ಬಂದು ದೋಣಿಯ ಹುಟ್ಟಿನಿಂದಲೇ ಮಗನನ್ನು ಬಡಿದರು, ಊರವರೆಲ್ಲ ನೋಡುತ್ತಿದ್ದ ಹಾಗೆ. ದೋಣಿ ಅಲ್ಲೇ ಕೊಳೆಯಲಿ ಎಂದು ಮಾವ ಮನೆಗೆ ಹೋದರು. ನೀರಿನ ಮೇಲೆ ಅದರ ಅಂಚು ಮಾತ್ರ ಕಾಣುತ್ತಿತ್ತು.

ಕೆಲವೇ ದಿನಗಳಲ್ಲಿ, ರಾಗಿ ಬೀಸುತ್ತಿದ್ದಾಗ, ಆಚೆ ದಡದಿಂದ ತಮಟೆ ಕೇಳಿಸಿತು. ಹೊಳೆಯ ಮೇಲೆ ಸದ್ದು ಚೆನ್ನಾಗಿ ಬರುತ್ತದೆ. ಮದುವೆಯ ಬಡಿತ ಯಾವುದು, ಸಾವಿನ ಬಡಿತ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವನ್ನು ಎತ್ತಿಕೊಂಡು ಓಡಿದೆ. ಅಂಬಿಗ ಆಗಲೇ ಹರಿಗೋಲು ಇಳಿಸಿ ಹಿಡಿದುಕೊಂಡಿದ್ದ. "ಕುಂತ್ಕ ಬಾವ್ವ, ಇನ್ನೂ ಎತ್ತಿಲ್ಲ. ಮೊಕ ನೋಡ್ಬೋದು" ಎಂದ.

ನನ್ನ ಹಿಂದೆಯೇ ಮಾವನೂ ನನ್ನ ಗಂಡನೂ ಬಂದಿದ್ದರು. ಮಾವ ನನ್ನ ಕಂಕುಳಿಂದ ಮಗುವನ್ನು ಕಿತ್ತುಕೊಂಡು ದೂರ ನಿಂತರು. ನಾನು ಗಂಡನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮಗು ಕಿರುಚುತ್ತಿತ್ತು. ನಾನು ನೀರಿನಲ್ಲಿ ಮೊಣಕಾಲವರೆಗೆ ನಿಂತಿದ್ದೆ, ತಮಟೆ ಹೂಳುವ ತೋಪಿನ ಕಡೆಗೆ ಹೋಗಿ ನಿಲ್ಲುವವರೆಗೂ ನಿಂತಿದ್ದೆ. ಅಂಬಿಗನೂ ಹರಿಗೋಲು ಹಿಡಿದುಕೊಂಡೇ ಇದ್ದ. ಆಮೇಲೆ ಹೋಗಿ ಮಗುವನ್ನು ಇಸಿದುಕೊಂಡು ಹಾಲು ಕೊಟ್ಟೆ.

ಹನ್ನೊಂದನೆಯ ದಿನದ ತಿಥಿಗೆ ಬೀಗರು ಹೋಗದಿದ್ದರೆ ನಾಲ್ಕೂರಲ್ಲಿ ಮಾತು ಬರುತ್ತದೆ. ಹಾಗಾಗಿ ನಮ್ಮವ್ವ ಸತ್ತ ಮೇಲೆ ಅವಳ ಮನೆಗೆ ಹೋಗಲು ಅಡ್ಡಿ ಇರಲಿಲ್ಲ. ಸೇತುವೆ ಸುತ್ತಿ ಹೋಗುವುದೆಂದು ಮಾವ ಗಾಡಿ ಹೂಡಲು ಹೇಳಿದರು. ಅದರ ಹಿಂದಿನ ದಿನ ಅವರಿಗೆ ಹೊನ್ನೆ ಹಲಗೆಯ ನೆನಪಾಗಿ, ಅದನ್ನಾದರೂ ಕಿತ್ತು ತಾ ಎಂದು ಮಗನನ್ನು ಹೊಳೆಗೆ ಅಟ್ಟಿದರು. ನನ್ನ ಗಂಡ ಆಳುಗಳ ಜೊತೆ ದೋಣಿಯನ್ನು ದಡಕ್ಕೆ ಒತ್ತರಿಸಿ, ವಾಲಿಸಿ, ನೀರು ತೋಡಿ ಹಾಕಿದರು. ಅದು ಎದ್ದು ತೇಲಿತು. ಈಗ ತುಂಬುತ್ತದೆ, ಆಗ ತುಂಬುತ್ತದೆ ಎಂದು ಕಾದರು. ತುಂಬಲಿಲ್ಲ. ಅಷ್ಟು ದಿನ ಮುಳುಗಿದ್ದ ಹಲಗೆಗಳು ನೀರು ಕುಡಿದು ಊದಿ, ಒಂದಕ್ಕೊಂದು ಕಚ್ಚಿಕೊಂಡಿದ್ದವು.

ಬೇಸಿಗೆಯಲ್ಲಿ ಗಾಡಿಯ ಚಕ್ರ ಸಡಿಲವಾದರೆ ಕೆರೆಯಲ್ಲಿ ಮುಳುಗಿಸಿಡುವ ಜನ ನಾವು. ಚಕ್ರ ಮಾಡುವ ಸಾಬರು, ಚಕ್ರ ಮುಳುಗಿಸುವ ಗಂಡ, ಗಾಡಿಯ ಯಜಮಾನ ಮಾವ, ಇಷ್ಟು ಜನರಲ್ಲಿ ಒಬ್ಬರಿಗೂ ಒಣಗಿದ ಹಲಗೆ ಸಂದಿ ಬಿಡುತ್ತದೆ ಎಂದು ಹೊಳೆಯಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು.

ಮಾರನೆಯ ದಿನ ಗಾಡಿ ಬಿಟ್ಟು ದೋಣಿಯಲ್ಲೇ ಹೊರಟೆವು. ಗಂಡ ಹುಟ್ಟು ಹಾಕಿದರು. ಮಾವ ಹೊಸ ಹಲಗೆಗೆ ಒರಗಿ ಕೂತು, ಅಂಬಿಗನಿಗೆ ಕಾಣುವ ಹಾಗೆ ಮೀಸೆ ತಿರುವಿದರು. ನಡುಹೊಳೆಯಲ್ಲಿ ಹಲಗೆಯನ್ನು ತಟ್ಟಿ ನನ್ನ ಕಡೆ ತಿರುಗಿದರು.

"ನೋಡವ್ವ, ಒಂದ್ ತೊಟ್ಟು ನೀರು ಬತ್ತಿಲ್ಲ. ನಾನ್ ಯೋಳ್ದಂಗೆ ರಾಣಿಯಂಗೆ ಓಯ್ತಾ ಇದೀಯ. ನಿಮ್ಮವ್ವ ಇದ್ದಿದ್ರೆ ನೋಡಿ ಕುಸಿ ಪಡೋಳು."

ನಾನು ಬಗ್ಗಿ ದೋಣಿಯ ತಳವನ್ನು ಕೈಯಿಂದ ಸವರಿ ನೋಡಿದೆ. ಅವರು ಹೇಳಿದ್ದು ನಿಜ. ಎಲ್ಲೂ ಒಂದು ತೊಟ್ಟು ನೀರಿರಲಿಲ್ಲ.