ಒಂದು ಮೊಳ ಹೂವಿನಷ್ಟು ಹೊತ್ತು

ನನ್ನ ರಿಪೇರಿ ಚೀಲದ ಒಳಜೇಬಿನಲ್ಲಿ, ಸ್ಕ್ರೂ ಹಾಕಿಡುವ ಸಣ್ಣ ಪ್ಲಾಸ್ಟಿಕ್ ಲಕೋಟೆಯೊಳಗೆ, ಗೇಣುದ್ದದ ಒಂದು ಬಾಳೆನಾರು ಇತ್ತು. ನಾರಿಗೆ ನಾಲ್ಕು ಗಂಟು. ಕೊನೆಯ ಗಂಟಿನಲ್ಲಿ ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿದ ಒಂದೇ ಒಂದು ಅಬ್ಬಲಿಗೆ ಹೂವು. ಕಳೆದ ವಾರ ಚೀಲ ಕೊಡವುವಾಗ ಅದು ಮಡಿಲಿಗೆ ಬಿತ್ತು. ಲಕೋಟೆಯ ಮೇಲೆ ನನ್ನದೇ ಅಕ್ಷರದಲ್ಲಿ ‘ಪುರಾವೆ’ ಎಂದು ಬರೆದಿತ್ತು. ಹೂವಿಗೆ ಯಾರಾದರೂ ಹೀಗೆ ಹೆಸರಿಡುತ್ತಾರೆಯೇ, ಹೇಳಿ.

ನಾನು ತೀರ್ಥಹಳ್ಳಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವವಳು. ವಿಶ್ವವಿದ್ಯಾಲಯದಲ್ಲಿ ಓದಿದ್ದು ತತ್ವಶಾಸ್ತ್ರ. ಓದಿದ್ದಕ್ಕೂ ಮಾಡುವುದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ, ಎರಡರಲ್ಲೂ ಉತ್ತರ ಸಿಕ್ಕಿತೆಂದುಕೊಂಡ ಮೇಲೆ ಇನ್ನೊಮ್ಮೆ ಆರಿಸಿ ಹಚ್ಚಿ ನೋಡಬೇಕು ಎನ್ನುತ್ತೇನೆ. ದಿನಚರಿ ಬರೆಯುವ ಚಟವೂ ಇದೆ. ಅದು ಸಾಹಿತ್ಯದ ಆಸೆಯಿಂದ ಬಂದದ್ದಲ್ಲ. ನನ್ನ ನೆನಪು ನನಗೆ ಬೇಕಾದಂತೆ ನಡೆದುಕೊಳ್ಳುವ ಆಳು. ಯಜಮಾನಿಗೆ ಬೇಸರವಾಗುವ ಸುದ್ದಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ಅದಕ್ಕೇ ಎಲ್ಲವನ್ನೂ ಅಂದಂದೇ ಬರೆದಿಡುತ್ತೇನೆ.

ರಿಪ್ಪನ್‌ಪೇಟೆಯಲ್ಲಿ ಒಂದು ವಿದ್ಯಾಸಂಸ್ಥೆಯ ಕಚೇರಿಯಿದೆ. ಏಳು ಕಂಪ್ಯೂಟರುಗಳು, ಹೊಸತೆನ್ನಬಹುದಾದದ್ದು ಒಂದೂ ಇಲ್ಲ. ಹಿಂದಿನ ಕೋಣೆಯಲ್ಲಿ ಅವಕ್ಕೆಲ್ಲ ಹಿರಿಯದಾದ ಇನ್ನೊಂದು ಯಂತ್ರ, ಎಲ್ಲರ ಬಾಯಲ್ಲೂ ‘ಹಳೇ ಪೆಟ್ಟಿಗೆ’. ಅಲ್ಲಿ ಓದಿಹೋದ ಮಕ್ಕಳ ದಾಖಲೆಯೆಲ್ಲ ಅದರ ಹೊಟ್ಟೆಯಲ್ಲಿದೆ. ಒಂದೂವರೆ ವರ್ಷದ ಹಿಂದೆ ಸಾಗರದ ಮುಖ್ಯ ಕಚೇರಿಯಲ್ಲಿ ಹೊಸ ಸರ್ವರ್ ಬಂತು. ಹಾಗಾಗಿ ಪ್ರತಿ ಕಂಪ್ಯೂಟರಿನಲ್ಲೂ ಎರಡು ಕ್ಲೈಂಟ್ ಪ್ರೋಗ್ರಾಮುಗಳು ಕೂರಬೇಕಾಯಿತು. ಕ್ಲೈಂಟ್ ಎಂದರೆ ಬೇರೇನಲ್ಲ, ನಮ್ಮ ಪರವಾಗಿ ಇನ್ನೊಂದು ಯಂತ್ರದ ಬಾಗಿಲು ತಟ್ಟಿ ಬರುವ ಪುಟ್ಟ ಪ್ರೋಗ್ರಾಮು. ಹಳೆಯದು ಹಿಂದಿನ ಕೋಣೆಯ ಬಾಗಿಲು ತಟ್ಟಬೇಕು, ಹೊಸದು ಸಾಗರದ್ದು. ಒಂದೇ ಜಗಲಿಯಲ್ಲಿ ಕೂತ ಇಬ್ಬರು ಮಾತುಬಿಟ್ಟ ದಾಯಾದಿಗಳ ಹಾಗೆ ಅವು ಕೆಲವು ದಿನ ಹೊಂದಿಕೊಂಡಿರುತ್ತಿದ್ದವು. ಕೆಲವು ದಿನ ಹೊಸದು ಜಾಗವೆಲ್ಲ ತನ್ನದೆಂದು ಕೂತುಬಿಡುತ್ತಿತ್ತು, ಹಳೆಯದು ಮುನಿಸಿಕೊಂಡು ಸಂಜೆಯವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಹಳೆಯ ಸರ್ಟಿಫಿಕೇಟಿಗೆಂದು ಲಿಂಗನಮಕ್ಕಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದವರು ಬರಿಗೈಲಿ ಹಿಂತಿರುಗುತ್ತಿದ್ದರು.

ಕಾರಣ ಹುಡುಕುತ್ತ ಹಳೇ ಪೆಟ್ಟಿಗೆಯ ಹತ್ತಿರ ಹೋದೆ. ಸ್ವಿಚ್ಚಿನ ಪಕ್ಕ ಕುಂಕುಮದ ಬೊಟ್ಟು. ಬೆನ್ನಿನ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಈ ಬಾಳೆನಾರು. ಕಚೇರಿಯ ಕಸ ಗುಡಿಸಿ ಚಹಾ ಮಾಡುವ ಗಿರಿಜಮ್ಮ ದಿನಾ ಬೆಳಿಗ್ಗೆ ಆ ಕೋಣೆಯ ಬೀಗ ತೆಗೆದು, ಅಲ್ಲಿ ಕೂತು ದೇವರ ಪಟಕ್ಕೆ ಹೂ ಕಟ್ಟುತ್ತಾರೆಂದು ಗೊತ್ತಾಯಿತು. ನನಗೆ ಅಷ್ಟು ಸಾಕಾಯಿತು. ‘ಸಂಬಂಧವಿಲ್ಲದವರು ಯಂತ್ರ ಮುಟ್ಟುತ್ತಿರುವುದೇ ದೋಷಕ್ಕೆ ಕಾರಣವಿರಬಹುದು’ ಎಂದು ವರದಿ ಬರೆದೆ. ನಾರನ್ನು ಲಕೋಟೆಗೆ ಹಾಕಿ ಹೆಸರಿಟ್ಟೆ. ಎಲ್ಲ ಯಂತ್ರಗಳೂ ಒಟ್ಟಿಗೆ ಹತ್ತುವಂತೆ ಒಂದೇ ಸ್ವಿಚ್ಚು ಹಾಕಿಸಿ, ಅಚ್ಚುಕಟ್ಟಾದ ಕೆಲಸ ಮಾಡಿದೆನೆಂಬ ಹೆಮ್ಮೆಯಲ್ಲಿ ಬಸ್ಸು ಹತ್ತಿದೆ. ವರದಿಯಲ್ಲಿದ್ದ ‘ಇರಬಹುದು’ ಓದಿದವರ ಕಣ್ಣಿಗೆ ಬೀಳಲಿಲ್ಲ. ಹೆಡ್ ಕ್ಲರ್ಕ್ ಗಣಪತಿ ಭಟ್ಟರು ಅದೇ ದಿನ ಗಿರಿಜಮ್ಮನ ಕೈಯಿಂದ ಆ ಕೋಣೆಯ ಕೀಲಿಕೈ ತೆಗೆದುಕೊಂಡರು.

ಮರುವಾರ ಮತ್ತೆ ಕರೆ ಬಂತು. ಈಗ ಕೆಲವು ದಿನವಲ್ಲ, ದಿನಾ ಕೈಕೊಡುತ್ತಿದೆ! ಹೋದಾಗ ಗಿರಿಜಮ್ಮ ಚಹಾದ ಲೋಟ ಇಡುತ್ತ, ನನ್ನ ಮುಖ ನೋಡದೆ, “ಕೀ ಇಸ್ಕೊಂಡ್ರು ಮೇಡಮ್ಮೋರೆ. ಹದಿನೆಂಟು ವರ್ಷ ಸೊಂಟದಲ್ಲೇ ಇತ್ತು. ಈಗ ನಡೆದ್ರೆ ಸದ್ದೇ ಬರಲ್ಲ, ನಾನೇ ಬಂದ್ನೋ ಇಲ್ವೋ ಅಂತ ಅನ್ಸುತ್ತೆ” ಎಂದರು.

ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ಮೂರು ದಿನ ಗುದ್ದಾಡಿದೆ. ಹೊಸ ಕ್ಲೈಂಟ್ ತೆಗೆದು ಹಳೆಯದನ್ನು ಮೊದಲು ಕೂರಿಸಿದೆ, ಹಳೆಯದನ್ನು ತೆಗೆದು ಹೊಸದನ್ನು ಮೊದಲು ಕೂರಿಸಿದೆ, ಕೇಬಲ್ ಬದಲಿಸಿದೆ. ಕೊನೆಗೆ ಸೋತು ದಿನಚರಿ ತೆಗೆದೆ. ನನ್ನ ನೆನಪಿನ ಪ್ರಕಾರ, ಮೊದಲು ಅದು ಕೈಕೊಡುತ್ತಿದ್ದ ದಿನಗಳಿಗೆ ಲೆಕ್ಕವೂ ಇರಲಿಲ್ಲ, ಕ್ರಮವೂ ಇರಲಿಲ್ಲ. ದಿನಚರಿಯಲ್ಲಿ ಮಾತ್ರ ಅಂಥ ಪ್ರತಿ ದಿನದ ಕೆಳಗೂ ಒಂದು ಸಣ್ಣ ಗೊಣಗಾಟವಿತ್ತು: ‘ಇವತ್ತು ಚಹಾ ಇಲ್ಲ.’ ‘ಇವತ್ತೂ ಚಹಾ ಇಲ್ಲ, ಗಿರಿಜಮ್ಮ ತವರೂರು ಮೇಳಿಗೆಗೆ ಹೋಗಿದ್ದಾರಂತೆ.’ ಚಹಾ ಸಿಗದ ದಿನವೇ ಯಂತ್ರವೂ ಮುನಿದಿತ್ತು. ಯಂತ್ರವನ್ನು ಕೆಡಿಸುತ್ತಿದೆಯೆಂದು ನಾನು ಬರೆದಿದ್ದ ಗಿರಿಜಮ್ಮನ ಕೈಯೇ ಅದನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿತ್ತು.

ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಅವರ ಪಕ್ಕ ಹೋಗಿ ಕೂತೆ. ಬೆಳಿಗ್ಗೆ ಏನೇನು ಮಾಡುತ್ತಿದ್ದಿರಿ ಎಂದು ಕೇಳಿದೆ.

“ಎಂತ ಮಾಡದು? ಹಳೇ ಪೆಟ್ಟಿಗೆ ಹಚ್ಚೋದು. ಒಂದು ಮೊಳ ಹೂ ಕಟ್ಟೋದು. ಕಟ್ಟಿ ಆದ ಮೇಲೆ ಉಳಿದವ್ಕೆ ಕರೆಂಟ್ ಹಾಕೋದು.”

“ಯಾರು ಹೇಳಿಕೊಟ್ಟರು?”

“ಯಾರು ಹೇಳ್ತಾರೆ? ಗಡಿಬಿಡೀಲಿ ಅರ್ಧ ಮೊಳಕ್ಕೇ ಉಳಿದವನ್ನ ಹಚ್ಚಿದ ದಿನ ‘ಫೈಲು ತೆಗೀತಿಲ್ಲೆ’ ಅಂತ ಭಟ್ರು ಕೂಗಾಡ್ತಿದ್ರು. ಒಂದು ಮೊಳ ಮುಗಿಸಿ ಹಚ್ಚಿದ ದಿನ ಸುಮ್ನಿರ್ತಿದ್ರು. ನಾನು ಪೆಟ್ಟಿಗೆ ನೋಡಿ ಕಲ್ತಿದ್ದಲ್ಲ, ಭಟ್ರ ಬಾಯಿ ನೋಡಿ ಕಲ್ತಿದ್ದು” ಎಂದು ಮೊರ ಅಲುಗುವಷ್ಟು ನಕ್ಕರು.

ವಿಷಯ ಅಷ್ಟೇ. ಹಳೇ ಪೆಟ್ಟಿಗೆ ಪೂರ್ತಿ ಎಚ್ಚರಾಗಲು ಏಳು ನಿಮಿಷ ಬೇಕು. ಅಷ್ಟರೊಳಗೆ ಉಳಿದವು ಹತ್ತಿದರೆ ಹಳೆಯ ಕ್ಲೈಂಟ್ ಬಾಗಿಲು ತಟ್ಟಿ, ಯಾರೂ ಓಗೊಡದೆ, ಹಿಂತಿರುಗಿ ಮಲಗುತ್ತದೆ. ಮೊದಲೆಲ್ಲ ಅದನ್ನು ಇನ್ನೊಮ್ಮೆ ಎಬ್ಬಿಸಿದರೆ ಸಾಕಿತ್ತು, ಈಗ ಆ ಜಾಗವನ್ನು ಹೊಸದು ಹಿಡಿಯುತ್ತದೆ. ಪದವಿ ಪಡೆದ ನನಗೆ ಸಿಗದ ಈ ಉತ್ತರ, ನೋಡಿ ತಾಳೆಹಾಕಿ, ಮತ್ತೆ ನೋಡಿ ಕಲಿತ ಗಿರಿಜಮ್ಮನ ಬೆರಳುಗಳಲ್ಲಿತ್ತು. ಅದನ್ನು ನಾನು ಕುಂಕುಮದ ಬೊಟ್ಟು ಕಂಡೊಡನೆ ಮೌಢ್ಯವೆಂದುಕೊಂಡಿದ್ದೆ. ಯಾವುದು ಮೌಢ್ಯ, ಯಾವುದು ಪ್ರಯೋಗ ಎಂದು ಅದರ ಹಣೆಯ ಬೊಟ್ಟು ನೋಡಿ ಹೇಳಲು ಹೊರಟವಳು ನಾನು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಗೆಳತಿಯರಿಗೆ ಹೇಳಿದ್ದೇನೆ. ಎಲ್ಲರೆದುರು ತಪ್ಪೊಪ್ಪಿಕೊಂಡೆ, ಕೀ ಅವರ ಕೈಗೆ ಹೋಯಿತು, ಗಿರಿಜಮ್ಮ ಮನಸಾರೆ ನಕ್ಕರು ಎಂದು. ಕಳೆದ ವಾರ ನಾರು ಮಡಿಲಿಗೆ ಬಿದ್ದಾಗ, ಆ ಸಿಹಿಯನ್ನು ಇನ್ನೊಮ್ಮೆ ಚಪ್ಪರಿಸುವ ಆಸೆಯಿಂದ ದಿನಚರಿಯ ಆ ಪುಟ ತೆಗೆದೆ. ಅಲ್ಲಿದ್ದದ್ದು ಇಷ್ಟು: ‘ಹಳೆಯ ಯಂತ್ರವನ್ನು ಮೊದಲು ಹಚ್ಚಿ, ಏಳು ನಿಮಿಷ ಕಾದು, ಉಳಿದವನ್ನು ಹಚ್ಚಬೇಕೆಂದು ವರದಿ ಕೊಟ್ಟೆ. ಒಂದೇ ಸ್ವಿಚ್ಚು ತೆಗೆಸಿದೆ. ಭಟ್ಟರು ಹೊಗಳಿದರು. ಬಸ್ಸಿಗೆ ಹೊತ್ತಾಗಿತ್ತು. ಗಿರಿಜಮ್ಮನ ವಿಷಯ ಮುಂದಿನ ಸಲ ಹೇಳಬೇಕು.’

ಮುಂದಿನ ಸಲ ಬರಲೇ ಇಲ್ಲ, ಯಂತ್ರ ಕೆಡಲಿಲ್ಲವಲ್ಲ. ಮೆಟ್ಟಿಲ ಮೇಲಿನ ಆ ನಗುವನ್ನು ಎತ್ತಿ ತಂದು, ನಡೆಯದೇ ಇದ್ದ ಕ್ಷಮಾಪಣೆಯ ಕೊನೆಗೆ ಅಂಟಿಸಿಕೊಂಡು, ನಾನು ಒಂದು ವರ್ಷ ನೆಮ್ಮದಿಯಿಂದಿದ್ದೆ. ಅವರ ಒಂದು ಮೊಳವನ್ನು ನನ್ನ ಏಳು ನಿಮಿಷ ಮಾಡಿಕೊಂಡು, ಹೊಗಳಿಕೆಯನ್ನೂ ನಾನೇ ಇಟ್ಟುಕೊಂಡಿದ್ದೆ.

ಈ ಸೋಮವಾರ ಮೊದಲ ಬಸ್ಸಿಗೆ ರಿಪ್ಪನ್‌ಪೇಟೆಗೆ ಹೋದೆ. ಹಿಂದಿನ ಕೋಣೆಯ ಬೀಗ ತೆಗೆಯುತ್ತಿದ್ದವರು ಭಟ್ಟರೇ.

“ಬಾ ಮಾರಾಯ್ತಿ. ನಿನ್ನ ಏಳು ನಿಮಿಷ ಕಾಯೋದಕ್ಕೆ ಅಂತ ದಿನಾ ಬೆಳಿಗ್ಗೆ ತಿಂಡಿ ಬಿಟ್ಟು ಓಡಿ ಬರ್ತಾ ಇದ್ದೇನೆ.”

“ಕೀ ಗಿರಿಜಮ್ಮನಿಗೆ ಕೊಡಲಿಲ್ಲವೇ?”

“ಹ್ಯಾಂಗೆ ಕೊಡದು? ಮುಟ್ಟಬಾರದು ಅಂತ ಬರೆದವಳು ನೀನೇ ಅಲ್ದಾ? ಫೈಲಲ್ಲೇ ಇದ್ದು, ನೋಡು.”

ಫೈಲು ತರಿಸಿದೆ. ನನ್ನ ಮೊದಲ ವರದಿಗೆ ಅಡ್ಡಗೆರೆ ಎಳೆದು, ಕೆಳಗೆ ಬರೆದೆ. ಗಿರಿಜಮ್ಮ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಕೇಳುವಂತೆ ಓದಿದೆ: “ಈ ವರದಿ ತಪ್ಪು. ಈ ಯಂತ್ರ ಇಷ್ಟು ವರ್ಷ ನಡೆದದ್ದು ಗಿರಿಜಮ್ಮನವರು ಕಂಡುಕೊಂಡ ಕ್ರಮದಿಂದ. ಕೋಣೆಯ ಕೀಲಿಕೈ ಅವರಲ್ಲೇ ಇರತಕ್ಕದ್ದು.”

ಗಿರಿಜಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

“ಇನ್ನೊಂದ್ಸಲ ಓದಿ ಮೇಡಮ್ಮೋರೆ. ಭಟ್ರಿಗೆ ಒಂದು ಕಿವಿ ಮಂದ.”

ಇನ್ನೊಂದು ಸಲ ಓದಿದೆ. “ತಗಾ ಮಾರಾಯ್ತಿ, ನಾಳಿಂದ ನಂಗೆ ಬಿಸಿ ದೋಸೆಯಾದ್ರೂ ಸಿಕ್ಕಲಿ” ಎನ್ನುತ್ತ ಭಟ್ಟರು ಗಿರಿಜಮ್ಮನ ಕೈಗೆ ಕೀ ಕೊಟ್ಟರು. ಅದು ಸೊಂಟಕ್ಕೆ ಸೇರಿ ಒಮ್ಮೆ ಸದ್ದು ಮಾಡಿತು.

ಗಿರಿಜಮ್ಮ ಹಳೇ ಪೆಟ್ಟಿಗೆ ಹಚ್ಚಿ, ನೆಲದ ಮೇಲೆ ಕೂತು, ಹೂ ಸುತ್ತಿದ್ದ ಒದ್ದೆ ಬಟ್ಟೆಯ ಗಂಟು ಬಿಚ್ಚಿದರು. ನಾನು ಎದುರು ಕೂತು ಲಕೋಟೆಯಿಂದ ನಾರು ತೆಗೆದು ಕೊಟ್ಟೆ. ತಿರುಗಿಸಿ ನೋಡಿದರು. “ನಾನೇ ಕಟ್ಟಿದ್ದು. ನಡುವೆ ಕರೆಂಟ್ ಹೋಗಿ ಅರ್ಧಕ್ಕೆ ಬಿಟ್ಟಿದ್ದೆ ಕಾಣುತ್ತೆ.” ಅದನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಒಣಹೂವನ್ನು ಉದುರಿಸಿ, ತುದಿಗೆ ಹೊಸ ನಾರು ಜೋಡಿಸಿ, ಅಂದು ಕಟ್ಟುವುದು ನಿಂತಲ್ಲಿಂದಲೇ ಮುಂದುವರಿಸಿದರು. ನನಗೂ ಒಂದು ನಾರು ಕೊಟ್ಟು, “ಸುಮ್ನೆ ಕೂತ್ರೆ ಹೊತ್ತು ಹೋಗಲ್ಲ, ಕಟ್ಟಿ” ಎಂದರು. ನನ್ನ ಬೆರಳಿಗೆ ಹೂವು ನಿಲ್ಲುತ್ತಿರಲಿಲ್ಲ. ನಿಂತದ್ದಕ್ಕೆ ಗಂಟು ಬಿಗಿಯಾಗಿ ಕತ್ತೇ ತುಂಡಾಗುತ್ತಿತ್ತು.

ಹಳೇ ಪೆಟ್ಟಿಗೆ ಎಚ್ಚರಾಗಿ ಒಮ್ಮೆ ಕೂಗಿದಾಗ ಅವರ ಮೊಳ ಮುಗಿದಿತ್ತು. ನನ್ನದರಲ್ಲಿ ಇದ್ದದ್ದು ಐದು ಹೂವು, ಅವೂ ಐದು ದಿಕ್ಕಿಗೆ. ಇದನ್ನೂ ಪಟಕ್ಕೆ ಹಾಕಿ ಎಂದೆ.

“ಥೋ, ದೇವ್ರು ನಗಲ್ವಾ? ನೀವೇ ಇಟ್ಕಳಿ.”

ಇಟ್ಟುಕೊಂಡಿದ್ದೇನೆ, ಅದೇ ಲಕೋಟೆಯಲ್ಲಿ. ಮೇಲಿನ ‘ಪುರಾವೆ’ ಎಂಬ ಹೆಸರನ್ನು ಅಳಿಸಿಲ್ಲ.